‘ಖಚಿತ ಮಾಹಿತಿ’ ಕೊಡುವವರು ನಾವೇ, ನಮಗೇನು ಖಾತ್ರಿ?

ನಮ್ಮ ಮೊಬೈಲ್‌ಗೆ ಆಗಾಗ ಒಂದೇ ಥರದ ಫೋಟೊ ಬರುತ್ತದೆ. ಮುಂದೆ ಟೇಪ್ ಸುತ್ತಿದ ಪೊಟ್ಟಣಗಳು, ಇಲ್ಲವೇ ಬೇರುಸಮೇತ ಕಿತ್ತ ಹಸಿ ಗಿಡಗಳ ರಾಶಿ. ಹಿಂದೆ ಸಾಲಾಗಿ ನಿಂತ ಅಧಿಕಾರಿಗಳು, ಸಿಬ್ಬಂದಿ. ಪಕ್ಕದಲ್ಲಿ ಮುಖಕ್ಕೆ ಟವೆಲ್ ಮುಚ್ಚಿಕೊಂಡು ನೆಲದ ಮೇಲೆ ಕುಳಿತ ಇಬ್ಬರೋ ಮೂವರೋ. ಕೆಳಗೆ ಪ್ರೆಸ್ ನೋಟ್: ‘ಖಚಿತ ಮಾಹಿತಿ ಮೇರೆಗೆ ದಾಳಿ, ಇಷ್ಟು ಕೆ.ಜಿ. ಗಾಂಜಾ ಜಪ್ತಿ, ಇಷ್ಟು ಲಕ್ಷ ಮೌಲ್ಯ.’ ನಾವು ಅದನ್ನು ನಾಲ್ಕು ಸಾಲು ಮಾಡಿ ಕಳಿಸುತ್ತೇವೆ. ಅಲ್ಲಿಗೆ ಸುದ್ದಿ ಮುಗಿಯಿತು.

ಹೋದ ಮಳೆಗಾಲದಲ್ಲಿ ಔರಾದ್ ಬಸ್ ನಿಲ್ದಾಣದಲ್ಲಿ ಒಬ್ಬ ರೈತರು ನಮ್ಮನ್ನು ಬದಿಗೆ ಕರೆದರು. ಹೆಸರು ಬೇಡ, ಊರೂ ಬೇಡ. ಅವರ ಮಗ ಪಿಯುಸಿ ಅರ್ಧಕ್ಕೆ ಬಿಟ್ಟಿದ್ದಾನೆ. ಸಂಜೆಯಾದರೆ ಊರ ಹೊರಗಿನ ಸೇತುವೆ ಕಟ್ಟೆ. ಅಲ್ಲಿಗೆ ಒಬ್ಬ ಬೈಕ್ ಮೇಲೆ ಬಂದು ಪುಡಿ ಕೊಟ್ಟು ಹೋಗುತ್ತಾನೆ. ಯಾರು ಅಂತ ಇಡೀ ಊರಿಗೆ ಗೊತ್ತು.

“ಪೊಲೀಸರಿಗೆ ಹೇಳಿದ್ದೀರಾ?” ಎಂದೆವು.

“ಹ್ಯಾಂಗ್ ಹೇಳ್ಲಿ ಅಣ್ಣಾರ? ಹೇಳಿದ್ರ ಮೊದ್ಲ ನಮ್ ಪಾರಕ್ಕೇ ಒಯ್ತಾರ. ಮಾರಾವ ನಾಕ್ ದಿನದಾಗ ಹೊರಗ ಬರ್ತಾನ. ಆಮ್ಯಾಲ ನಮ್ ಮನಿ ಮುಂದೇ ಬಂದು ನಿಂದರ್ತಾನ.”

ನಮಗೆ ಉತ್ತರ ಹೊಳೆಯಲಿಲ್ಲ. ಬಸ್ ಬಂತು, ಅವರು ಹೋದರು. ಅವತ್ತಿನಿಂದ ‘ಖಚಿತ ಮಾಹಿತಿ ಮೇರೆಗೆ’ ಎಂಬ ಮೂರು ಪದ ನೋಡಿದಾಗಲೆಲ್ಲ ಅವರ ಮುಖ ನೆನಪಾಗುತ್ತದೆ. ಆ ಖಚಿತ ಮಾಹಿತಿ ಆಕಾಶದಿಂದ ಬೀಳುವುದಿಲ್ಲ. ಅದು ಇಂಥವರ ಹತ್ತಿರ ಇರುತ್ತದೆ. ಅವರು ಬಾಯಿ ಬಿಡುತ್ತಿಲ್ಲ ಅಂದರೆ ತಪ್ಪು ಅವರದಷ್ಟೇ ಅಲ್ಲ.

ದಾರಿ ನಮ್ಮದು, ಸರಕು ಯಾರದೋ

ನಮ್ಮ ಜಿಲ್ಲೆ ಇರುವ ಜಾಗವೇ ಹಾಗಿದೆ. ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಮಹಾರಾಷ್ಟ್ರ. ಔರಾದ್‌ನಿಂದ ಹೊರಟರೆ ದೇಗಲೂರು, ಭಾಲ್ಕಿಯಿಂದ ಕಮಲನಗರ ದಾಟಿದರೆ ಉದಗೀರ, ಬೀದರ್ ನಗರದಿಂದ ಕೆಲವೇ ಗಂಟೆಯಲ್ಲಿ ಹೈದರಾಬಾದ್. ಒಂದು ರಾಜ್ಯದಲ್ಲಿ ತಪ್ಪು ಮಾಡಿ ಚಹಾ ಆರುವುದರೊಳಗೆ ಇನ್ನೊಂದು ರಾಜ್ಯಕ್ಕೆ ಹೋಗಬಹುದು.

2024ರಲ್ಲಿ ಔರಾದ್ ತಾಲ್ಲೂಕಿನ ವನಮಾರಪಳ್ಳಿ ಚೆಕ್‌ಪೋಸ್ಟ್ ಬಳಿ ಎನ್‌ಸಿಬಿ, ಅಂದರೆ ಕೇಂದ್ರದ ಮಾದಕವಸ್ತು ನಿಯಂತ್ರಣ ಬ್ಯೂರೊ, ಮತ್ತು ಜಿಲ್ಲಾ ಪೊಲೀಸರು ಸೇರಿ ಒಂದು ಲಾರಿ ಹಿಡಿದರು. ಒಂದೂವರೆ ಸಾವಿರ ಕೆ.ಜಿ.ಗೂ ಹೆಚ್ಚು ಗಾಂಜಾ ಸಿಕ್ಕಿತು. ಒಡಿಶಾ ಕಡೆಯಿಂದ ಮಹಾರಾಷ್ಟ್ರಕ್ಕೆ ಹೊರಟ ಸರಕು ಅದು. ದೊಡ್ಡ ಕೆಲಸವೇ. ಮಾಡಿದವರಿಗೆ ಮೆಚ್ಚುಗೆ ಸಲ್ಲಬೇಕು. ಆದರೆ ಆ ವಾರ ಯಾವ ಹಳ್ಳಿಯ ಸೇತುವೆ ಕಟ್ಟೆಯೂ ಖಾಲಿಯಾಗಲಿಲ್ಲ. ಲಾರಿಯಲ್ಲಿ ಹೋಗುವ ಗಾಂಜಾ ಬೇರೆ, ಊರಲ್ಲಿ ಮಾರುವ ಪುಡಿಯ ದಾರಿ ಬೇರೆ.

ಊರಿನ ಪುಡಿಗೆ ಹಲವು ಮೂಲ. ಕೆಲವೊಮ್ಮೆ ನಮ್ಮದೇ ಹೊಲ. ತೊಗರಿ ಎದೆಮಟ್ಟ ಬೆಳೆದಾಗ ಸಾಲಿನ ನಡುವೆ ನಾಲ್ಕು ಗಿಡ ಇದ್ದರೆ ರಸ್ತೆಯಲ್ಲಿ ಹೋಗುವವರಿಗೆ ಕಾಣುವುದಿಲ್ಲ. ಕಬ್ಬಿನ ಒಳಗಂತೂ ಕೇಳಲೇಬೇಡಿ. ‘ಹೊಲ ಕೊಡ್ರಿ, ಬಿತ್ತೋದು ನಾವು, ಅಡ್ವಾನ್ಸ್ ಈಗ್ಲೇ’ ಅಂದರೆ ಸಾಲ ಮೈಮೇಲೆ ಇದ್ದ ರೈತ ಎರಡು ಮಾತು ಆಡುವುದಿಲ್ಲ. ಸಿಕ್ಕಿಬಿದ್ದಾಗ ಅಡ್ವಾನ್ಸ್ ಕೊಟ್ಟವನು ಇರುವುದಿಲ್ಲ. ಪಹಣಿಯಲ್ಲಿ ಇರುವುದು ರೈತನ ಹೆಸರು.

ಗಾಂಜಾ ಬೆಳೆದರೆ 10 ವರ್ಷದವರೆಗೆ ಶಿಕ್ಷೆ, ಜೊತೆಗೆ ಒಂದು ಲಕ್ಷದವರೆಗೆ ದಂಡ. 1985ರ ಎನ್‌ಡಿಪಿಎಸ್ ಕಾಯ್ದೆಯ ಕಲಂ 46 ಇನ್ನೂ ಒಂದು ಮಾತು ಹೇಳುತ್ತದೆ: ನಿಮ್ಮ ಜಮೀನಿನಲ್ಲಿ ಬೇರೆಯವರು ಬೆಳೆದಿದ್ದರೂ, ಗೊತ್ತಿದ್ದು ಸುಮ್ಮನಿದ್ದರೆ ನೀವೂ ಶಿಕ್ಷೆಗೆ ಗುರಿ. ಹೊಲ ಲಾವಣಿ ಕೊಟ್ಟವರು ತಿಂಗಳಿಗೊಮ್ಮೆಯಾದರೂ ಬದುವಿನ ಮೇಲೆ ನಿಲ್ಲದೆ ಸಾಲಿನ ಒಳಗೆ ಹೋಗಿ ನೋಡಿ ಬರಬೇಕು.

ಒಂದು ಕಿಲೋದ ಲೆಕ್ಕ

ಕಾಯ್ದೆ ಗಾಂಜಾವನ್ನು ತೂಕದ ಮೇಲೆ ನೋಡುತ್ತದೆ. 1 ಕೆ.ಜಿ. ತನಕ ‘ಸಣ್ಣ ಪ್ರಮಾಣ’. ಒಂದು ವರ್ಷದವರೆಗೆ ಜೈಲು, ಇಲ್ಲವೇ 10 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. 20 ಕೆ.ಜಿ. ಮೀರಿದರೆ ‘ವಾಣಿಜ್ಯ ಪ್ರಮಾಣ’. ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ, ಜಾಮೀನೂ ಕಷ್ಟ. ಇವೆರಡರ ನಡುವೆ ಇದ್ದರೆ 10 ವರ್ಷದವರೆಗೆ.

ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿರುವುದು ಮಾರುವವನಿಗೆ. ಅವನ ಜೇಬಿನಲ್ಲಿ ಹತ್ತು ಪುಡಿಗಿಂತ ಹೆಚ್ಚು ಇರುವುದಿಲ್ಲ. ಹಿಡಿದರೂ ಬೇಗ ಹೊರಗೆ. ಮರಳಿ ಬಂದು ಅದೇ ಕಟ್ಟೆಯ ಮೇಲೆ ಕುಳಿತಾಗ ಊರಿಗೆ ಸಿಗುವ ಪಾಠ ಒಂದೇ: ಹೇಳಿ ಏನೂ ಉಪಯೋಗ ಇಲ್ಲ.

ಹಾಗಾದರೆ ಸಣ್ಣ ಮಾರಾಟಗಾರನನ್ನು ಹಿಡಿಯುವುದೇ ದಂಡವೇ? ಅಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಕ್ಕದ ಕಲಬುರಗಿ ಜಿಲ್ಲೆಯ ಕಾಳಗಿ ತಾಲ್ಲೂಕಿನಲ್ಲಿ ನಡೆದದ್ದು ನೆನಪಿಸಿಕೊಳ್ಳಿ. ಬೆಂಗಳೂರಿನ ಪೊಲೀಸರು ಒಬ್ಬ ಆಟೊ ಚಾಲಕನ ಹತ್ತಿರ ಕೆಲವೇ ಕಿಲೋ ಗಾಂಜಾ ಹಿಡಿದರು. ಅಲ್ಲಿಗೆ ಬಿಡಲಿಲ್ಲ. ನಿನಗೆ ಕೊಟ್ಟವನು ಯಾರು, ಅವನಿಗೆ ಕೊಟ್ಟವನು ಯಾರು ಎಂದು ಎಳೆ ಹಿಡಿದು ಬಂದರು. ಕೊನೆಗೆ ಕುರಿ ಫಾರ್ಮ್ ಒಂದರ ನೆಲದಡಿ ಬಚ್ಚಿಟ್ಟಿದ್ದ 1,350 ಕೆ.ಜಿ. ಸಿಕ್ಕಿತು.

ಇದರಲ್ಲಿ ನಮಗೆ ಎರಡು ಪಾಠ ಇವೆ. ಒಂದು, ಪುಡಿ ಮಾರುವವನು ಎಳೆಯ ತುದಿ. ಅವನನ್ನು ಒಳಗೆ ಹಾಕಿ ಫೈಲ್ ಮುಚ್ಚಿದರೆ ಎಳೆ ಅಲ್ಲೇ ಕಡಿಯಿತು. ಎರಡನೆಯದು ಕಹಿ. ಅಷ್ಟು ಸರಕು ನಮ್ಮ ಭಾಗದಲ್ಲೇ ಇತ್ತು, ಹುಡುಕಿ ಬಂದವರು ಬೆಂಗಳೂರಿನವರು. ಆಮೇಲೆ ಸ್ಥಳೀಯ ಪೊಲೀಸ್ ಅಧಿಕಾರಿ, ಸಿಬ್ಬಂದಿ ಅಮಾನತಾದರು. ಅಕ್ಕಪಕ್ಕದವರಿಗೆ ಏನೂ ಗೊತ್ತಿರಲಿಲ್ಲವೇ? ಗೊತ್ತಿದ್ದರೂ ಯಾರಿಗೆ ಹೇಳುವುದು ಎಂದು ಸುಮ್ಮನಿದ್ದರೇ? ಈ ಪ್ರಶ್ನೆ ನಮ್ಮ ಜಿಲ್ಲೆಗೂ ಬೇಕು.

ಪೊಲೀಸರ ಕಷ್ಟವೂ ಸುಳ್ಳಲ್ಲ

ಠಾಣೆಗಳಲ್ಲಿ ಕುಳಿತು ಮಾತಾಡಿದರೆ ಅವರದೂ ಒಂದು ಪಟ್ಟಿ ಇದೆ. ಬಂದೋಬಸ್ತ್, ಜಾತ್ರೆ, ವಿಐಪಿ ಭೇಟಿ, ಜಮೀನು ಜಗಳ, ಎಲ್ಲದಕ್ಕೂ ಅದೇ ನಾಲ್ಕು ಮಂದಿ. ಗಡಿ ದಾಟಿದರೆ ಅಧಿಕಾರ ಬದಲು.

2022ರ ಸೆಪ್ಟೆಂಬರ್‌ನಲ್ಲಿ ಕಮಲಾಪುರ ಭಾಗದ ಸರ್ಕಲ್ ಇನ್ಸ್‌ಪೆಕ್ಟರ್ ಒಬ್ಬರು ಗಾಂಜಾ ಜಾಡು ಹಿಡಿದು ಬಸವಕಲ್ಯಾಣದ ಆಚೆ ಮಹಾರಾಷ್ಟ್ರದ ಗಡಿ ಹೊಲಕ್ಕೆ ರಾತ್ರಿ ಹೋಗಿದ್ದರು. ಗುಂಪು ಸೇರಿ ಹೊಡೆದದ್ದಕ್ಕೆ ಅವರ ಜೀವಕ್ಕೇ ಬಂದಿತ್ತು. ಹೆಚ್ಚಿನ ಚಿಕಿತ್ಸೆಗೆ ವಿಮಾನದಲ್ಲಿ ಬೆಂಗಳೂರಿಗೆ ಸಾಗಿಸಬೇಕಾಯಿತು. ಪಗಾರ ತಗೊಂಡು ಕೆಲಸ ಮಾಡುತ್ತಾರೆ, ಅದರಲ್ಲೇನು ಅನ್ನುವವರು ಆ ರಾತ್ರಿಯನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಇನ್ನು ಕಾಯ್ದೆ ಕಟ್ಟುನಿಟ್ಟು. ಬಂದ ಮಾಹಿತಿಯನ್ನು ಬರೆದು ಮೇಲಧಿಕಾರಿಗೆ ಕಳಿಸಬೇಕು. ಮೈ ತಪಾಸಣೆಗೆ ಮೊದಲು ‘ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಬೇಕೇ’ ಎಂದು ಆರೋಪಿಯನ್ನು ಕೇಳಬೇಕು. ಮ್ಯಾಜಿಸ್ಟ್ರೇಟ್ ಸಮಕ್ಷಮ ಮಾದರಿ ತೆಗೆಯಬೇಕು, ಪ್ರಯೋಗಾಲಯಕ್ಕೆ ಕಳಿಸಬೇಕು. ಒಂದು ಹೆಜ್ಜೆ ತಪ್ಪಿದರೂ ಕೇಸು ಕೋರ್ಟಿನಲ್ಲಿ ಬೀಳಬಹುದು. ಇಷ್ಟು ಕಟ್ಟುನಿಟ್ಟು ಯಾಕೆ? ಯಾರದೋ ಜೇಬಿಗೆ ಪೊಟ್ಟಣ ಹಾಕಿ ಹತ್ತು ವರ್ಷ ಒಳಗೆ ಕಳಿಸಬಾರದಲ್ಲ. ನಿರಪರಾಧಿಯನ್ನು ಕಾಯುವ ಬಾಗಿಲು ಅದು. ಅವಸರದ ದಾಳಿ ಮಾಡಿ ಫೋಟೊ ಹಾಕಿದರೆ ಅದೇ ಬಾಗಿಲಿನಿಂದ ಅಪರಾಧಿಯೂ ಹೊರಗೆ ಹೋಗುತ್ತಾನೆ.

ಕೇಸು ಬೀಳಲು ಇನ್ನೊಂದು ಕಾರಣ ನಾವೇ. ಪಂಚನಾಮೆಗೆ ಸಹಿ ಹಾಕಿದ ಊರವರು ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ‘ನನಗೇನೂ ಗೊತ್ತಿಲ್ಲ, ಖಾಲಿ ಹಾಳಿ ಮ್ಯಾಲ ಸಹಿ ಮಾಡ್ಸಿಕೊಂಡ್ರು’ ಅನ್ನುತ್ತಾರೆ. ಕೆಲವು ಸಲ ಅದು ನಿಜ. ಕೆಲವು ಸಲ ಭಯ, ಕೆಲವು ಸಲ ನೆಂಟಸ್ತನ. ಮೂರರಲ್ಲಿ ಯಾವುದೇ ಆದರೂ ಗೆಲ್ಲುವುದು ಮಾರಿದವನೇ.

ಗೊತ್ತಿರಬೇಕಾದ ನಾಲ್ಕು ಕಲಂ

ಆ ರೈತರಿಗೆ ಅವತ್ತು ಹೇಳಲು ಆಗದ್ದನ್ನು ಆಮೇಲೆ ನಾವು ಓದಿ, ವಕೀಲರನ್ನು ಕೇಳಿ ತಿಳಿದುಕೊಂಡೆವು. ಮೊದಲೇ ತಿಳಿದಿರಬೇಕಿತ್ತು. ಇಲ್ಲಿ ಬರೆಯುತ್ತಿದ್ದೇವೆ, ಇಟ್ಟುಕೊಳ್ಳಿ.

ಕಲಂ 68: ಮಾಹಿತಿ ಯಾರು ಕೊಟ್ಟರು ಎಂದು ಹೇಳುವಂತೆ ಅಧಿಕಾರಿಯನ್ನು ಯಾರೂ ಬಲವಂತ ಮಾಡುವಂತಿಲ್ಲ. ಅಂದರೆ ನಿಮ್ಮ ಹೆಸರು ಹೊರಗೆ ಬರಲೇಬೇಕು ಎಂದೇನಿಲ್ಲ.

ಕಲಂ 64ಎ: ಚಟಕ್ಕೆ ಬಿದ್ದವನು ಸೇದಿದ ಕೇಸಿನಲ್ಲಿ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕಿಬಿದ್ದಿದ್ದರೂ, ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆ ಕೇಸಿನಿಂದ ವಿನಾಯಿತಿ ಸಿಗುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು, ಅರ್ಧಕ್ಕೆ ಬಿಟ್ಟರೆ ವಿನಾಯಿತಿ ವಾಪಸ್.

ಕಲಂ 47: ಊರಿನಲ್ಲಿ ಗಾಂಜಾ ಬೆಳೆದದ್ದು ಗೊತ್ತಾದರೆ ತಕ್ಷಣ ತಿಳಿಸುವುದು ಪಂಚಾಯಿತಿಯವರ, ಗ್ರಾಮ ಮಟ್ಟದ ಅಧಿಕಾರಿಗಳ ಕಾನೂನಿನ ಕರ್ತವ್ಯ. ಗೊತ್ತಿದ್ದೂ ಬಿಟ್ಟರೆ ಅವರಿಗೂ ಶಿಕ್ಷೆ. ‘ಅದು ಪೊಲೀಸರ ಕೆಲಸ, ನಮ್ಮದು ರಸ್ತೆ ಚರಂಡಿ’ ಅನ್ನುವ ಸದಸ್ಯರಿಗೆ ಇದನ್ನು ಓದಿ ಹೇಳಿ.

ಕಲಂ 58: ಹಗೆ ಇಟ್ಟುಕೊಂಡು ಸುಳ್ಳು ಮಾಹಿತಿ ಕೊಟ್ಟು ಯಾರನ್ನಾದರೂ ಬಂಧಿಸಿದರೆ ಅಥವಾ ಶೋಧ ನಡೆಸಿದರೆ, ಮಾಹಿತಿ ಕೊಟ್ಟವನಿಗೆ ಎರಡು ವರ್ಷದವರೆಗೆ ಜೈಲು. ಹಾಗಾಗಿ ಬದು ಜಗಳ ತೀರಿಸಿಕೊಳ್ಳಲು ಇದನ್ನು ಬಳಸಬೇಡಿ.

ಇನ್ನು ಫೋನ್ ನಂಬರ್. 1933, ಇದು ಮಾದಕವಸ್ತು ಮಾರಾಟದ ಬಗ್ಗೆ ತಿಳಿಸಲು 2024ರಲ್ಲಿ ಶುರುವಾದ ರಾಷ್ಟ್ರೀಯ ಸಹಾಯವಾಣಿ. ಹೆಸರು ಮಾನಸ್. 14446, ಚಟ ಬಿಡಿಸುವ ಸಲಹೆಗೆ. 14416, ಮನಸ್ಸಿನ ತೊಂದರೆಗೆ ಟೆಲಿ ಮಾನಸ್. ಮೂರೂ ಉಚಿತ. ತಕ್ಷಣ ಪೊಲೀಸರು ಬೇಕಾದರೆ 112.

ಕಾಗದದ ಮೇಲಿನ ಖಾತ್ರಿ ಊರಿಗೆ ಬರಬೇಕು

ಕಾಯ್ದೆಯಲ್ಲಿ ಹೆಸರು ಗುಟ್ಟು. ಊರಲ್ಲಿ? ಒಂದು ಸಲ ಒಬ್ಬ ಹುಡುಗ ನಮ್ಮ ಮಾತು ನಂಬಿ ಒಂದು ಠಾಣೆಗೆ ಫೋನ್ ಮಾಡಿದ. ಎರಡು ದಿನದೊಳಗೆ ಮಾರುವವನು ಅವನ ಎದುರಿಗೆ ನಿಂತು, ‘ಏನಪಾ, ಫೋನ್ ಬಾಳ ಹಚ್ಚಾಕತ್ತಿ ಅಂತ’ ಎಂದ. ಯಾರು ಹೇಳಿದರೋ ನಾವು ಸಾಬೀತು ಮಾಡಲಾರೆವು. ಆ ಹುಡುಗ ಮತ್ತೆ ಯಾರಿಗೂ ಏನೂ ಹೇಳಿಲ್ಲ. ನಮಗೂ ಫೋನ್ ಎತ್ತುವುದಿಲ್ಲ. ಒಂದು ಹೆಸರು ಸೋರಿದರೆ ಹತ್ತು ಊರಿನ ಬಾಯಿ ಮುಚ್ಚುತ್ತದೆ.

ಹೀಗಾಗಿ ನಮ್ಮ ಮೊದಲ ಬೇಡಿಕೆ: ಮಾಹಿತಿ ಸೋರಿಸಿದ ಸಿಬ್ಬಂದಿ ಮೇಲೆ, ಯಾರೇ ಇರಲಿ, ವಿಚಾರಣೆ ಆಗಬೇಕು. ಲಾರಿ ಹಿಡಿದಾಗ ಬಹುಮಾನ ಕೊಡುವ ಹಾಗೆ ಗುಟ್ಟು ಬಿಟ್ಟಾಗ ಶಿಕ್ಷೆಯೂ ಇರಲಿ.

ಎರಡನೆಯದು, ಬೀಟ್. 2025ರ ಜುಲೈನಲ್ಲಿ ರಾಜ್ಯ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಶುರು ಮಾಡಿತು. ಬೀಟ್ ಸಿಬ್ಬಂದಿ ಮನೆ ಬಾಗಿಲಿಗೆ ಬಂದು ಕಷ್ಟ ಕೇಳಬೇಕು ಎಂಬುದು ಅದರ ಉದ್ದೇಶ. ಒಳ್ಳೆಯದು. ಆದರೆ ಬಂದವರು ಫೋಟೊ ತೆಗೆದು, ಗ್ರೂಪಿಗೆ ಹಾಕಿ ಹೋಗುವುದಲ್ಲ. ಒಬ್ಬರೇ ಪೇದೆ ಅದೇ ಊರಿಗೆ ಮತ್ತೆ ಮತ್ತೆ ಬಂದರೆ ಮಾತ್ರ ನಾಲ್ಕನೇ ಸಲಕ್ಕೆ ಯಾವುದೋ ತಾಯಿ ಬಾಯಿ ಬಿಡುತ್ತಾಳೆ. ಮೂರು ತಿಂಗಳಿಗೆ ಬೀಟ್ ಬದಲಿಸಿದರೆ ಆ ನಾಲ್ಕನೇ ಸಲ ಬರುವುದೇ ಇಲ್ಲ.

ಮೂರನೆಯದು, ಮತ್ತೆ ಮತ್ತೆ ಸಿಕ್ಕಿಬೀಳುವ ಮಾರಾಟಗಾರ. ತೂಕ ಕಡಿಮೆ ಎಂದು ಪ್ರತಿ ಸಲ ಹೊಸ ಕೇಸು ಹಾಕಿ ಬಿಡುವುದಲ್ಲ. ಅಕ್ರಮ ಸಾಗಾಟಗಾರರನ್ನು ಮುಂಜಾಗ್ರತೆಯಾಗಿ ಬಂಧಿಸಿಡಲು 1988ರ ಕಾಯ್ದೆಯೇ ಇದೆ. ಅದನ್ನು ಸೇದುವ ಹುಡುಗರ ಮೇಲಲ್ಲ, ಅವರಿಗೆ ಸರಕು ಮುಟ್ಟಿಸುವವರ ಮೇಲೆ ಯೋಚಿಸಿ ಬಳಸಲಿ.

ನಾಲ್ಕನೆಯದು, ಔಷಧ ಅಂಗಡಿ. ನಶೆ ಅಂದರೆ ಗಾಂಜಾ ಒಂದೇ ಅಲ್ಲ. ನಿದ್ದೆ ಮಾತ್ರೆ, ನೋವಿನ ಮಾತ್ರೆ, ಕೆಮ್ಮಿನ ಔಷಧ ಕೂಡ ನಶೆಗೆ ಬಳಕೆಯಾಗುತ್ತವೆ. ಅಲ್ಪ್ರಜೋಲಂ, ಟ್ರಮಡಾಲ್, ಕೊಡೀನ್ ಇರುವ ಔಷಧಗಳು ‘ಎಚ್1’ ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಬೇಕು, ಯಾರಿಗೆ ಎಷ್ಟು ಕೊಟ್ಟೆವು ಎಂದು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಬೀದರ್ ನಗರದ ಕಾಲೇಜು, ಹಾಸ್ಟೆಲ್ ಇರುವ ರಸ್ತೆಗಳ ಅಂಗಡಿಗಳಿಂದ ಶುರು ಮಾಡಿ ಭಾಲ್ಕಿ, ಔರಾದ್ ತನಕ ಔಷಧ ನಿಯಂತ್ರಣ ಇಲಾಖೆ ಆ ರಿಜಿಸ್ಟರ್ ತೆಗೆಸಿ ನೋಡಲಿ. ನಿಯತ್ತಿನಿಂದ ನಡೆಯುವ ಅಂಗಡಿಯವರಿಗೆ ಇದರಿಂದ ತೊಂದರೆ ಇಲ್ಲ.

ಐದನೆಯದು, ಆಸ್ಪತ್ರೆ. ಬೀದರ್‌ನ ಬ್ರಿಮ್ಸ್‌ನಲ್ಲಿ ಮನೋರೋಗ ವಿಭಾಗ ಇದೆ. ಔರಾದ್ ಇರಲಿ, ಭಾಲ್ಕಿ ಇರಲಿ, ಅಲ್ಲಿಂದ ಬೀದರ್‌ಗೆ ಸುಮಾರು 40 ಕಿ.ಮೀ. ದಾರಿ. ಕೂಲಿ ಮಾಡುವ ಅಪ್ಪ ಮಗನನ್ನು ಕರೆದುಕೊಂಡು ಹೋಗಿ ಬಂದರೆ ಇಬ್ಬರ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. ಚಟ ಬಿಡಿಸಲು ಒಂದು ಸಲ ಹೋದರೆ ಸಾಲದು, ತಿಂಗಳುಗಟ್ಟಲೆ ತಿರುಗಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡಬೇಕು ಎಂಬ ‘ಮನೋಚೈತನ್ಯ’ ಕಾರ್ಯಕ್ರಮ ರಾಜ್ಯದಲ್ಲಿ ಇದೆ. ಅದು ಭಾಲ್ಕಿಯಲ್ಲೂ ಔರಾದ್‌ನಲ್ಲೂ ಒಂದು ವಾರವೂ ತಪ್ಪದಂತೆ ನಡೆಯಬೇಕು, ಬಾಗಿಲ ಮೇಲೆ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಬೋರ್ಡ್ ಇರಬೇಕು.

‘ಗಾಂಜಾ ಹೊಸದೇನಲ್ಲ, ಹಿಂದಿನಿಂದಲೂ ಸಾಧುಗಳು ಚಿಲುಮೆ ಎಳೀತಿದ್ರು’ ಎಂದು ಕಟ್ಟೆಯ ಮೇಲೆ ಕೆಲವು ಹಿರಿಯರು ಹೇಳುತ್ತಾರೆ. ಇರಬಹುದು. ಆ ಸಾಧು ಹದಿನಾರು ವರ್ಷದ ಹುಡುಗನ ಕೈಗೆ ಪುಡಿ ಕೊಟ್ಟು, ಮೊದಲು ಉದ್ರಿ, ಆಮೇಲೆ ‘ನೀನೇ ನಾಕ್ ಮಂದಿಗಿ ಮಾರು, ಸಾಲ ಮುಟ್ತದ’ ಅನ್ನುತ್ತಿರಲಿಲ್ಲ. ಈಗಿನ ಧಂದೆ ನಡೆಯುವುದು ಹಾಗೆ. ಇವತ್ತು ಸೇದುವವನು ನಾಳೆ ಮಾರುವವನಾಗುತ್ತಾನೆ. ಅದಕ್ಕೇ ಚಿಕಿತ್ಸೆ ಕೊಡುವುದೂ ಮಾರಾಟ ತಡೆಯುವ ಕೆಲಸವೇ ಅನ್ನುತ್ತಿದ್ದೇವೆ.

ನಮ್ಮ ತಪ್ಪೂ ಇದೆ

ಪತ್ರಕರ್ತರಾದ ನಾವು ಬೇರೆಯವರ ಪಟ್ಟಿ ಮಾಡಿ ಕೈ ತೊಳೆದುಕೊಳ್ಳುವಂತಿಲ್ಲ. ಹಿಡಿದ ದಿನ ಬರೆದೆವು. ಕೋರ್ಟಿನಲ್ಲಿ ಏನಾಯಿತು ಎಂದು ಎಷ್ಟು ಸಲ ಬರೆದೆವು? ಲೆಕ್ಕಕ್ಕೆ ಬೆರಳು ಹೆಚ್ಚಾಗುತ್ತವೆ. ಸಿಕ್ಕಿಬಿದ್ದವನ ಊರು ತಾಂಡಾ ಆಗಿದ್ದರೆ ಹೆಡ್ಡಿಂಗ್‌ನಲ್ಲೇ ‘ತಾಂಡಾ’ ಹಾಕಿದೆವು. ಒಬ್ಬ ಮಾಡಿದ್ದಕ್ಕೆ ನೂರು ಮನೆಯ ಹೆಸರು ಕೆಟ್ಟಿತು. ಅದೇ ನಗರದ ಬಡಾವಣೆಯವನು ಸಿಕ್ಕಾಗ ‘ಯುವಕ’ ಎಂದಷ್ಟೇ ಬರೆದೆವು. ಅಡ್ವಾನ್ಸ್ ಕೊಟ್ಟು ಬೆಳೆಸಿದವನು ಯಾವ ಊರಿನವನು ಎಂದು ಕೇಳಲೇ ಇಲ್ಲ.

ಇನ್ನು ಮುಂದೆ ಹೀಗೆ ಮಾಡುತ್ತೇವೆ. ಗಾಂಜಾ ಸುದ್ದಿ ಬರೆದರೆ ಆರು ತಿಂಗಳಿಗೊಮ್ಮೆ ಆ ಕೇಸು ಎಲ್ಲಿದೆ ಎಂದು ಬರೆಯುತ್ತೇವೆ. ಸೇದಿ ಸಿಕ್ಕಿಬಿದ್ದ ಹುಡುಗರ ಹೆಸರು, ಮುಖ ಹಾಕುವುದಿಲ್ಲ. ಹೆಡ್ಡಿಂಗ್‌ನಲ್ಲಿ ಜಾತಿಯೂ ಇಲ್ಲ, ತಾಂಡಾವೂ ಇಲ್ಲ. ಜಿಲ್ಲಾ ಪೊಲೀಸರಿಗೆ ಒಂದು ವಿನಂತಿ: ವರ್ಷಕ್ಕೊಮ್ಮೆ ಎಷ್ಟು ಕೆ.ಜಿ. ಹಿಡಿದಿರಿ ಎನ್ನುವ ಜೊತೆಗೆ ಎಷ್ಟು ಕೇಸಿನಲ್ಲಿ ಶಿಕ್ಷೆ ಆಯಿತು, ಎಷ್ಟು ಬಿದ್ದವು, ಎಷ್ಟು ಹುಡುಗರನ್ನು ಚಿಕಿತ್ಸೆಗೆ ಕಳಿಸಿದಿರಿ, ಇದನ್ನೂ ಪ್ರಕಟಿಸಿ. ಕಿಲೋ ಲೆಕ್ಕದಿಂದ ಊರಿಗೆ ಧೈರ್ಯ ಬರುವುದಿಲ್ಲ, ಈ ಲೆಕ್ಕದಿಂದ ಬರುತ್ತದೆ.

ಓದುಗರು ಮಾಡಬಹುದಾದದ್ದೂ ಒಂದಿದೆ. ಮುಂದಿನ ಗ್ರಾಮ ಸಭೆಗೆ ಹೋಗಿ. ಬೀಟ್ ಸಿಬ್ಬಂದಿ, ಶಾಲೆಯ ಮುಖ್ಯ ಶಿಕ್ಷಕರು, ಆಶಾ ಕಾರ್ಯಕರ್ತೆ ಮೂವರನ್ನೂ ಸಭೆಗೆ ಕರೆಸಿ ಎಂದು ಪಿಡಿಒಗೆ ಮೊದಲೇ ಅರ್ಜಿ ಕೊಡಿ. ಸಭೆಯಲ್ಲಿ ಯಾರ ಹೆಸರೂ ಎತ್ತಬೇಡಿ. ‘ನಮ್ಮ ಊರಿನ ಬೀಟ್‌ನವರು ಯಾರು, ಅವರ ನಂಬರ್ ಏನು, ತಾಲ್ಲೂಕು ಆಸ್ಪತ್ರೆಗೆ ಡಾಕ್ಟರ್ ಯಾವ ದಿನ ಬರುತ್ತಾರೆ’, ಇಷ್ಟೇ ಕೇಳಿ. ಉತ್ತರವನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿ.

ಆ ರೈತರನ್ನು ನಾವು ಮತ್ತೆ ಹುಡುಕಿಕೊಂಡು ಹೋದೆವು. ಕಲಂ 64ಎ ಬಗ್ಗೆ ಹೇಳಿದೆವು. ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಂದು ಸಲ ಮಗನನ್ನು ಬೀದರ್‌ಗೆ ಕರೆದುಕೊಂಡು ಹೋಗಿ ಬಂದರು. ಡಾಕ್ಟರ್ ಹದಿನೈದು ದಿನ ಬಿಟ್ಟು ಬರಲು ಹೇಳಿದ್ದರು. ಅಷ್ಟರಲ್ಲಿ ಸೋಯಾ ರಾಶಿ ಬಂತು, ಹೋಗಲಾಗಲಿಲ್ಲ. ‘ರಾಶಿ ಮುಗಿದ ಮ್ಯಾಲ ಹೋಗ್ತೀವ್ರಿ’ ಎಂದರು. ಮಗ ಅಂಗಳದಲ್ಲಿ ಚೀಲ ಹೊಲಿಯುತ್ತಿದ್ದ. ಅವತ್ತು ಕಟ್ಟೆಗೆ ಹೋಗಿರಲಿಲ್ಲ.

ಪುಡಿ ಮಾರುವವನ ಬಗ್ಗೆ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವನ ಹೆಸರು ಇನ್ನೂ ಆ ಊರಿನ ಹೊಟ್ಟೆಯೊಳಗೇ ಇದೆ. ಅದು ಯಾವತ್ತು ‘ಖಚಿತ ಮಾಹಿತಿ’ ಆಗಿ ಹೊರಗೆ ಬರಬೇಕು ಎಂಬುದು, ಹೇಳಿದವರನ್ನು ನಾವು ಹೇಗೆ ಕಾಯುತ್ತೇವೆ ಎಂಬುದರ ಮೇಲೆ ನಿಂತಿದೆ.